ಸುತ್ತಿದ ಕೂಸು

ನಾರಿನ್ ಹೊಳೆಯ ಮೇಲ್ದಂಡೆಯ ಒಂದೂರಿನ ಹೆರಿಗೆ ಆಸ್ಪತ್ರೆಯಲ್ಲಿ ಬುರುಲ್ ಎಂಬ ಡಾಕ್ಟರಮ್ಮ ಇದ್ದಾಳೆ. ಕುರಿಗಾಹಿಯ ಮಗಳು. ಎಳೆಗೂಸಿನ ಎದೆಯ ಬಟ್ಟೆ ಸರಿಸಿ ನೋಡುವ ತನಕ ಯಾರೊಡನೆಯೂ ಮಾತಾಡುವವಳಲ್ಲ. ಊರಿನ ಮುದುಕಿಯರು ಅವಳನ್ನು "ಸುತ್ತುಬಟ್ಟೆಯ ವೈರಿ" ಎಂದು ಹಂಗಿಸುತ್ತಾರೆ. ಮೊದಲು ಅವಳು ಹಾಗಿರಲಿಲ್ಲ.

ಉಸಿರಿಗೆ ತಿಣುಕುವ ಕೂಸು ಬಂದರೆ ಅವಳ ಮುಂದೆ ಎರಡು ದಾರಿ. ಒಂದು, ಮೂಗಿಗೆ ಸಣ್ಣ ನಳಿಕೆಯಿಟ್ಟು ಗಾಳಿ ಒತ್ತುವುದು. ನಳಿಕೆಯ ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿ ಗುಳುಗುಳು ಅನ್ನುತ್ತಿರುತ್ತದೆ, ಉಸಿರಾಡುವ ದುಡಿಮೆ ಮಾತ್ರ ಕೂಸಿನದೇ. ಇನ್ನೊಂದು, ಗಂಟಲೊಳಗೆ ಕೊಳವೆ ಇಳಿಸಿ ವೆಂಟಿಲೇಟರಿಗೆ ಒಪ್ಪಿಸುವುದು. ಆ ಯಂತ್ರ ಜೀವ ಉಳಿಸಲೂಬಹುದು, ಎಳೆಯ ಶ್ವಾಸಕೋಶವನ್ನು ಹರಿಯಲೂಬಹುದು. ಒಂದು ಚಳಿಗಾಲದಲ್ಲಿ ಯಂತ್ರಕ್ಕೊಪ್ಪಿಸಿದ ಕೂಸೊಂದು ಹಾಗೆ ಹೋಗಿತ್ತು. ಅಂದಿನಿಂದ ಬುರುಲಳ ಮನಸ್ಸು ಬಾಟಲಿಯ ಕಡೆಗೇ ವಾಲುತ್ತಿತ್ತು.

ಅದರ ಬೆನ್ನಿಗೇ ಹಿಮ ಕರಗುವ ಕಾಲದಲ್ಲಿ ಸಾಕನ್ ಅಪಾ ಎಂಬ ಮುದುಕಿಯ ಸೊಸೆ ತಿಂಗಳು ತುಂಬುವ ಮೊದಲೇ ಹೆತ್ತಳು. ಎರಡು ಬಸಿರು ಇಳಿದುಹೋದ ಮೇಲೆ ಸಿಕ್ಕ ಗಂಡು. ಬುರುಲ್ ಬಾಟಲಿ ಹಚ್ಚಿದಳು. "ಎದೆ ಮೇಲೆ ಬಟ್ಟೆ ಬೇಡ. ಪಕ್ಕೆ ಒಳಕ್ಕೆ ಎಳೆಯೋಕೆ ಶುರುವಾದ್ರೆ ನನ್ನ ಕರಿ, ಕೊಳವೆ ಹಾಕ್ಬೇಕಾಗತ್ತೆ" ಎಂದು ನರ್ಸ್ ತೊಕ್ತೊಬೂಬುಗೆ ಹೇಳಿ, ಇನ್ನೊಂದು ಹೆರಿಗೆಗೆ ಓಡಿದಳು.

ಅವಳು ಅತ್ತ ಹೋಗಿದ್ದೇ ತಡ, ಸಾಕನ್ ಅಪಾ ಒಳಗೆ ನುಗ್ಗಿದಳು.

"ಏನೇ ಹುಡುಗಿ, ಸುಲಿದ ಕುರಿ ಹಾಗೆ ಮಲಗಿಸಿದ್ದೀಯಲ್ಲ? ಕೈಕಾಲು ಬಿಟ್ರೆ ಕೂಸು ಬೆಚ್ಚಿಬೀಳತ್ತೆ. ನಿಮ್ಮಮ್ಮ ನಿನ್ನ ಹೀಗೇ ಸಾಕಿದ್ಲಾ?"

"ಬುರುಲ್ ಎಜೆ ಬೈತಾರೆ, ಅಪಾ." ಆ ಸೀಮೆಯಲ್ಲಿ ಅಕ್ಕನಿಗೆ ಎಜೆ, ಹಿರಿಯಳಿಗೆ ಅಪಾ ಎನ್ನುತ್ತಾರೆ.

"ನಿನ್ನ ಎಜೆ ಎಷ್ಟು ಹೆತ್ತಿದ್ದಾಳಂತೆ? ನಾನು ಏಳು ಹೆತ್ತವಳು. ತಾ ಇಲ್ಲಿ ಆ ಬಟ್ಟೆ."

ತೊಕ್ತೊಬೂಬು ತಾನೂ ತೊಟ್ಟಿಲಲ್ಲಿ ಬಿಗಿದು ಕಟ್ಟಿಸಿಕೊಂಡೇ ಬೆಳೆದವಳು. ತಡೆಯುವ ಬದಲು ಬಟ್ಟೆಯ ಇನ್ನೊಂದು ತುದಿ ಹಿಡಿದಳು. ಕತ್ತಿನಿಂದ ಪಾದದವರೆಗೆ ಕೂಸು ಸುರುಳಿಯಾಯಿತು. ನರಳಾಟ ನಿಂತಿತು.

ಬುರುಲ್ ಮರಳಿದಾಗ ಬಾಟಲಿ ಗುಳುಗುಳು ಅನ್ನುತ್ತಿತ್ತು, ಕೂಸು ಸದ್ದಿಲ್ಲದೆ ಮಲಗಿತ್ತು. ಬಿಗಿದ ಬಟ್ಟೆ ಅವಳ ಮನಸ್ಸಿಗೂ ತಟ್ಟಲಿಲ್ಲ. ಹುಟ್ಟಿದಾಗಿನಿಂದ ಕಂಡ ಕೂಸುಗಳೆಲ್ಲ ಹಾಗೆಯೇ ಇದ್ದವು. ಸುತ್ತಿದ ಕೂಸೆಂದರೆ ಸುಖದ ಕೂಸು.

"ಬಾಟಲಿಗೆ ಒಗ್ಗಿಕೊಂಡಿದೆ ಕಣೆ. ಯಂತ್ರದ ಸಹವಾಸ ಬೇಡ" ಎಂದು, ಮುನ್ನೆಚ್ಚರಿಕೆಗೆ ಆಮ್ಲಜನಕ ತುಸು ಏರಿಸಿ, ಪಕ್ಕದ ಹಾಸಿಗೆಗೆ ಹೋದಳು.

ತುಟಿ ನೀಲಿಗೆ ತಿರುಗಿದ ಮೇಲೆ ಬಟ್ಟೆ ಕಿತ್ತೆಸೆದಳು. ಪ್ರತಿ ಉಸಿರಿಗೂ ಎದೆಗೂಡು ಬೆನ್ನಿಗಂಟುವಂತೆ ಕುಸಿಯುತ್ತಿತ್ತು. ಎಷ್ಟು ಹೊತ್ತಿನಿಂದ ಹಾಗಿತ್ತೋ ಯಾರೂ ಕಂಡಿರಲಿಲ್ಲ. ಕೊಳವೆ ಇಳಿಸಿ ಯಂತ್ರಕ್ಕೆ ಒಪ್ಪಿಸಿದಳು. ದುಡಿದು ಸೋತ ಕೂಸು ಯಂತ್ರಕ್ಕೂ ದಕ್ಕಲಿಲ್ಲ. ಹೊತ್ತು ಇಳಿಯುವ ಮುಂಚೆ ಹೋಯಿತು.

ಬುರುಲ್ ಹೊರಬಂದಾಗ ಸಾಕನ್ ಅಪಾ ಗೋಡೆ ಹಿಡಿದು ನಿಂತಿದ್ದಳು.

"ನಾನು ಸುತ್ತಿದ್ದಕ್ಕೇ ಹೋಯ್ತಾ, ಮಗಳೇ? ದಿಟ ಹೇಳು."

ಅಲ್ಲ ಎಂದರೆ ಮುದುಕಿ ನಾಳೆ ಇನ್ನೊಂದನ್ನೂ ಸುತ್ತುತ್ತಾಳೆ. ಹೌದು ಎಂದರೆ ಅವಳು ಸೊಸೆಯ ಜೊತೆ ಒಂದೇ ಸೂರಿನಡಿ ಬಾಳುವುದು ಹೇಗೆ?

"ಸುತ್ತಿದ್ದು ಕೆಟ್ಟದ್ದೇ ಆಯ್ತು, ಅಪಾ. ಆದ್ರೆ ಬಿಚ್ಚಿ ನೋಡ್ಬೇಕಾದವಳು ನಾನು. ನೋಡಿದ್ರೆ ಆಗಲೇ ಕೊಳವೆ ಹಾಕ್ತಿದ್ದೆ. ಬದುಕ್ತಿತ್ತೋ ಏನೋ."

ಮುದುಕಿ ಸೊಸೆಯ ಕೋಣೆಯ ಕಡೆ ನೋಡಿದಳು.

"ಅವಳಿಗೆ ಯಾರು ಹೇಳ್ತಾರೆ?"

"ಇಬ್ರೂ ಹೋಗೋಣ."

ಬುರುಲ್ ಚಾಚಿದ ಕೈಯನ್ನು ಸಾಕನ್ ಅಪಾ ಹಿಡಿಯಲಿಲ್ಲ. ಗೋಡೆ ಸವರುತ್ತಾ ಸೊಸೆಯ ಕೋಣೆಯ ಕಡೆ ತಾನೇ ಮುಂದಾಗಿ ನಡೆದಳು.