ಮಾವನ ಕೈಯಳತೆ

ಮಾವನ ಎಡ ಮುಂಗೈ ಬಲಗೈಗಿಂತ ದಪ್ಪ. ಕಂಪ್ಲಿಯ ದರ್ಜಿ ಅವರ ಅಂಗಿಗೆ ಎಡತೋಳನ್ನು ಕೊಂಚ ಸಡಿಲ ಬಿಟ್ಟೇ ಹೊಲಿಯುತ್ತಿದ್ದ. ಹರೆಯದಲ್ಲಿ ಸಂಡೂರಿನ ಕಡೆ ಗಣಿ ಕಂಪನಿಯೊಂದರ ಹಾಕಿ ತಂಡದಲ್ಲಿ ಆಡಿದವರು ಅವರು. ಸ್ಟಿಕ್ಕಿನ ಮೇಲ್ತುದಿ ಹಿಡಿದು ತಿರುಗಿಸುವುದು ಎಡಗೈಯಾದ್ದರಿಂದ ಅದು ಹಾಗೆ ಬಲಿತಿತ್ತು. ತಂದೆ ತೀರಿಕೊಂಡ ಮೇಲೆ ಆಟ ಬಿಟ್ಟು ಊರಿಗೆ ಬಂದು ಅಕ್ಕಿ ಗಿರಣಿ ಹಿಡಿದರು. ಆದರೂ ದಿನಪತ್ರಿಕೆಯನ್ನು ಕೊನೆಯ ಪುಟದಿಂದಲೇ ಓದುತ್ತಿದ್ದರು. ಬುಕ್ಕಸಾಗರದಿಂದ ಭತ್ತ ತಂದ ರೈತರಿಗೆ “ಕುಂದ್ರಿ, ಚಾ ಕುಡೀರಿ” ಎಂದು ಹೇಳಿ, ಮುಂದಿನ ಮಾತೇ “ನಿನ್ನಿ ಮ್ಯಾಚ್ ನೋಡಿದ್ರೇನು?”

ನಾನು ಸೊಸೆಯಾಗಿ ಬಂದಾಗ ಅತ್ತೆ ಆಗಲೇ ತೀರಿಕೊಂಡಿದ್ದರು. ಮದುವೆಗೆ ಮುಂಚೆ ನಾನು ಗಾಳಿಯಂತ್ರದ ರೆಕ್ಕೆ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದೆ. ಗಾಜಿನ ನಾರು, ಕಾರ್ಬನ್ ನಾರುಗಳ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ರೆಸಿನ್ ಎಂಬ ಅಂಟು ಕುಡಿಸಿ, ಅಚ್ಚಿನಲ್ಲಿಟ್ಟು ಕಾಯಿಸಿ ಗಟ್ಟಿ ಮಾಡುವ ಕೆಲಸ. ಊಟಕ್ಕೆ ಕೂತಾಗ ಒಮ್ಮೆ ಇದನ್ನೆಲ್ಲ ಹೇಳಿದೆ. ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ಹಂಗಾರ ಹಾಕಿ ಸ್ಟಿಕ್ ಮಾಡಾಕ ಬರ್ತೈತೇನವ್ವ?”

“ಬರ್ತೈತ್ರಿ ಮಾವ. ಈಗ ದೊಡ್ಡ ಆಟಗಾರರದೆಲ್ಲ ಅವೇ.”

“ದೊಡ್ಡೋರಿಗೆ ಮಾಡಿಕೊಡೋರು ಭಾಳ ಮಂದಿ ಅದಾರ. ನಾ ಆಡಿದ ಸಂಡೂರ ಕಡೆ, ಯಶವಂತನಗರದ ಹುಡುಗ್ಯಾರು ಇನ್ನೂ ಕಟಿಗಿ ಹಿಡಕಂಡು ಆಡ್ತಾರ. ಅವರ ಮುಂಗೈ ನೋಡು, ಕಡ್ಡಿ ಇದ್ದಂಗ ಅದಾವ.”

ಮರುವಾರವೇ ಗಿರಣಿಯ ಹಿಂದಿನ ಗೋದಾಮು ಖಾಲಿಯಾಯಿತು. ತೌಡಿನ ಧೂಳು ಪದರಗಳ ನಡುವೆ ಕೂತರೆ ಅಂಟು ಹಿಡಿಯುವುದಿಲ್ಲ ಎಂದಿದ್ದೆ. ಮಾವ ಗಾರೆಯವನ ಜೊತೆ ನಿಂತು ಕಿಂಡಿಗಳನ್ನೆಲ್ಲ ಮುಚ್ಚಿಸಿದರು. ಕೈಕಾಲು ತೊಳೆಯದೆ ಒಳಗೆ ಬರುತ್ತಿರಲಿಲ್ಲ. “ಸಾಹುಕಾರ್ರು ಸೊಸಿ ಕೋಣ್ಯಾಗ ದೇವರಿಟ್ಟಾರ” ಎಂದು ಹಮಾಲರು ನಗುತ್ತಿದ್ದರು. “ದೇವರಿಲ್ಲೋ ಮಾರಾಯ, ಅಂಟೈತಿ” ಎನ್ನುತ್ತಿದ್ದರು ಮಾವ.

ಹೊಸಪೇಟೆಯ ಲೇತ್ ಅಂಗಡಿಯಲ್ಲಿ ಅಚ್ಚು ಮಾಡಿಸಿದೆವು. ಮೊದಮೊದಲ ಸ್ಟಿಕ್ಕುಗಳು ಸೊಟ್ಟಗಾದವು, ಕೆಲವು ಒಳಗೆ ಪೊಳ್ಳಾದವು. ಸರಿ ಬಂದದ್ದನ್ನು ನಾನು ಎರಡು ಕಟ್ಟೆಗಳ ಮೇಲೆ ಮಲಗಿಸಿ, ಮರಳಿನ ಚೀಲ ತೂಗುಹಾಕಿ, ಎಷ್ಟು ಬಾಗುತ್ತದೆಂದು ನೋಡುತ್ತಿದ್ದೆ. ಆಮೇಲೆ ಅದು ಮಾವನ ಕೈಗೆ. ಭತ್ತ ಒಣಗಿಸುವ ಸಿಮೆಂಟು ಅಂಗಳದಲ್ಲಿ ಪಂಚೆ ಮೇಲೆ ಕಟ್ಟಿ ಚೆಂಡು ಓಡಿಸುತ್ತಿದ್ದರು. “ತಲಿ ಭಾರ ಐತಿ” ಎನ್ನುತ್ತಿದ್ದರು, ಇಲ್ಲವೇ “ಇದು ಮಸ್ತ್ ಐತಿ.” ಅವರು ಮೆಚ್ಚಿದ್ದನ್ನು ಯಶವಂತನಗರದ ಹುಡುಗಿಯರೂ ಮೆಚ್ಚಿದರು. ಹೀಗೆ ಎರಡು ವರ್ಷ ನಡೆಯಿತು. ಆ ಮನೆಯಲ್ಲಿ ನಾನು ಕಂಡ ಒಳ್ಳೆಯ ದಿನಗಳು ಅವು.

ಆಮೇಲೆ ಮಾವನಿಗೆ ಎಲ್ಲ ಸ್ಟಿಕ್ಕೂ ಭಾರವಾಗತೊಡಗಿತು. ಬೇಸಿಗೆಯಲ್ಲಿ ಮಸ್ತ್ ಎಂದ ಸ್ಟಿಕ್ಕನ್ನೇ ಚಳಿಗಾಲದಲ್ಲಿ ಎತ್ತಿ, “ಭಾರ ಆತಲ್ಲವ್ವ” ಎಂದರು.

“ತೂಕ ಅಷ್ಟೇ ಐತ್ರಿ ಮಾವ. ತಕ್ಕಡಿಗೆ ಇಟ್ಟು ನೋಡೀನಿ.”

“ತಕ್ಕಡಿ ಆಡ್ತೈತೇನು? ಆಡೋದು ಕೈ. ಇನ್ನೊಂಚೂರು ತಗಿ.”

ಸ್ಟಿಕ್ಕು ಬಾಗಿ ತಲೆಯಾಗುವ ಜಾಗದಲ್ಲಿ ಒಂದು ಪದರ ತೆಗೆದೆ. ಮರಳಿನ ಚೀಲಕ್ಕೆ ಅದು ತಡೆಯಿತು. ಹೊಸ ಸ್ಟಿಕ್ಕುಗಳು ಯಶವಂತನಗರಕ್ಕೆ ಹೋದವು.

ಹೊಸಪೇಟೆಯಲ್ಲಿ ಆ ಹುಡುಗಿಯರ ಪಂದ್ಯವಿತ್ತು. ನಾನೂ ಮಾವನೂ ಹೋಗಿದ್ದೆವು. ಒಂದೇ ಚೆಂಡಿಗೆ ಇಬ್ಬರು ಹುಡುಗಿಯರು ಜೋರಾಗಿ ಬೀಸಿದರು. ಸ್ಟಿಕ್ಕಿಗೆ ಸ್ಟಿಕ್ಕು ಬಡಿದು, ನಮ್ಮದು ಪದರ ತೆಗೆದ ಬಾಗಿನಲ್ಲೇ ಮುರಿಯಿತು. ಗಾಜಿನಂತೆ ಚೂಪಾದ ಚೂರು ಸಿಡಿದು, ಅದನ್ನು ಹಿಡಿದಿದ್ದ ಹುಡುಗಿಯ ಹುಬ್ಬನ್ನು ಹರಿಯಿತು. ಎಲ್ಲರಿಗಿಂತ ಮೊದಲು ಓಡಿದವರು ಮಾವ. ಹೆಗಲ ಟವೆಲನ್ನು ಅವಳ ಹಣೆಗೆ ಸುತ್ತಿದರು. ಆದರೆ ಗಂಟು ಹಾಕಲು ಅವರಿಂದ ಆಗಲಿಲ್ಲ. ಎಡಗೈಯ ಬೆರಳುಗಳು ಬಟ್ಟೆಯ ಮೇಲೆ ಸುಮ್ಮನೆ ಜಾರುತ್ತಿದ್ದವು. “ಕಟ್ಟವ್ವ, ಜಲ್ದಿ ಕಟ್ಟು” ಎಂದು ನನ್ನತ್ತ ನೋಡಿದರು. ಕಟ್ಟುತ್ತಲೇ ಆ ಕೈಯನ್ನು ಸರಿಯಾಗಿ ನೋಡಿದೆ. ಹೆಬ್ಬೆರಳ ಬುಡದ ಮಾಂಸ ಇಂಗಿ ಗುಳಿ ಬಿದ್ದಿತ್ತು. ಅಂಗಿಯ ತೋಳಿನೊಳಗೆ ಮುಂಗೈ ತೆಳ್ಳಗೆ ಆಡುತ್ತಿತ್ತು.

ಕಣ್ಣು ಉಳಿಯಿತು. ಹುಡುಗಿಯ ತಾಯಿ ಗಣಿ ಕ್ಯಾಂಪಿನಲ್ಲಿ ಅಡುಗೆ ಮಾಡುವವಳು. ಆಸ್ಪತ್ರೆಗೆ ಬಂದವಳೇ ಮಾವನ ಎದುರು ನಿಂತಳು.

“ಹಗುರ ಹಗುರ ಅಂತ ಹೇಳಿ ಕೊಟ್ರಿ. ಕಣ್ಣು ಹೋಗಿದ್ರ ಏನ್ ಮಾಡ್ತಿದ್ರಿ? ನಿಮ್ಮ ಮನಿ ಹುಡುಗಿ ಕೈಯಾಗ ಇದನ್ನ ಕೊಡ್ತಿದ್ರೇನು?”

ಮಾವ ಕೈಮುಗಿದು ನಿಂತಿದ್ದರು.

ಕೊಟ್ಟ ಸ್ಟಿಕ್ಕುಗಳನ್ನೆಲ್ಲ ವಾಪಸು ತಂದು ಗರಗಸದಲ್ಲಿ ಕೊಯ್ಯಿಸಿದೆವು. ಬಳಿಕ ಮಾವನನ್ನು ಬಳ್ಳಾರಿಗೆ ನರಗಳ ಡಾಕ್ಟರ ಹತ್ತಿರ ಕರೆದೊಯ್ದೆ. ನರ ಸಾಯುತ್ತ ಹೋಗಿ ಸ್ನಾಯು ಕರಗುವ ಕಾಯಿಲೆ, ಮದ್ದಿಲ್ಲ, ಶುರುವಾಗಿ ವರ್ಷವೇ ಆಗಿರಬೇಕು ಎಂದರು ಅವರು. ಬರುವಾಗ ದರೋಜಿ ಕೆರೆಯ ಹತ್ತಿರ ಮಾವ ಕಾರು ನಿಲ್ಲಿಸಲು ಹೇಳಿದರು. ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

“ಸ್ಟಿಕ್ ಭಾರ ಆಗಿರ್ಲಿಲ್ಲವ್ವ. ನನ್ನ ಕೈ ಸಾಯಾಕ ಹತ್ತಿತ್ತು.”

“ಪದರ ತಗದಾಕಿ ನಾನ್ರಿ ಮಾವ.”

“ನನ್ನ ಮಾತು ನಂಬಿ ತಗದಿ.”

ಗೋದಾಮು ಮುಚ್ಚಿಬಿಡೋಣ ಎಂದು ನನ್ನ ಗಂಡ ಹೇಳಿದರು. ನನಗೂ ಹಾಗೇ ಅನಿಸಿತ್ತು. ಮಾವ ಒಪ್ಪಲಿಲ್ಲ. “ಮುಚ್ಚಬ್ಯಾಡ್ರಿ. ಮುಚ್ಚಿದ್ರ ಆ ಹುಡುಗಿ ಪಾಲಿಗೆ ಗಾಯ ಒಂದ ಉಳಿತೈತಿ” ಎಂದರು. ನನ್ನನ್ನು ಕರೆದುಕೊಂಡು ಯಶವಂತನಗರಕ್ಕೆ ಹೋದರು. ತಾಯಿ ನಮ್ಮನ್ನು ಕೂರಲು ಹೇಳಲಿಲ್ಲ. ಮಾವ ಹೊಸ್ತಿಲಾಚೆ ನಿಂತೇ ಕೇಳಿದರು: “ತಪ್ಪಾತು ತಂಗಿ. ನನ್ನ ಕೈ ಹೋತು. ಇನ್ನು ಸ್ಟಿಕ್ ಸರಿ ಐತೋ ಇಲ್ಲೋ ಅಂತ ಆಡೋ ಮಕ್ಕಳ ಕೈನ ಹೇಳಬೇಕು. ನಿನ್ನ ಮಗಳು ಬಂದು ನೋಡಿ, ಬ್ಯಾಡ ಅಂದ್ರ ಅವತ್ತ ಬಾಗ್ಲಾ ಹಾಕ್ತೀವಿ.”

“ಹೋಗ್ರಿ” ಎಂದಳು ಅವಳು.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ತಾಯಿ ಮಗಳು ತಾವಾಗಿಯೇ ಗಿರಣಿಗೆ ಬಂದರು. ಅಷ್ಟರಲ್ಲಿ ನಾನು ಬಾಗಿನ ಜಾಗಕ್ಕೆ ಹಳದಿ ಬಣ್ಣದ ಗಟ್ಟಿ ನಾರಿನ ಪದರ ಸೇರಿಸಿದ್ದೆ. ಅದು ಇದ್ದರೆ ಮುರಿದರೂ ಚೂರು ಸಿಡಿಯುವುದಿಲ್ಲ. ಅವರೆದುರೇ ಒಂದು ಸ್ಟಿಕ್ಕನ್ನು ಸುತ್ತಿಗೆಯಿಂದ ಬಡಿದೆ. ಕೊನೆಗೆ ಅದು ಮುರಿಯಿತು, ನಾರು ಹಿಡಿದು ಜೋತುಬಿತ್ತು. ತಾಯಿ ಅದನ್ನು ಎತ್ತಿಕೊಂಡು ಬೆರಳಾಡಿಸಿ ನೋಡಿದಳು. ಹುಡುಗಿ ಇನ್ನೊಂದನ್ನು ಹಿಡಿದು ಅಂಗಳದಲ್ಲಿ ಆಡಿದಳು. ಹುಬ್ಬಿನ ಮೇಲೆ ಗಾಯದ ಗೆರೆ ಇನ್ನೂ ಕೆಂಪಗಿತ್ತು.

“ಮೊದಲಿನದಕ್ಕಿಂತ ಭಾರ ಐತ್ರಿ ಅಕ್ಕ. ಆದ್ರ ಆಡಬಹುದು” ಎಂದಳು. ಕುರ್ಚಿಯಲ್ಲಿದ್ದ ಮಾವ ಮುಖ ಆ ಕಡೆ ತಿರುಗಿಸಿಕೊಂಡರು.

ಕಾಯಿಲೆ ಬಲಗೈಗೆ ಬಂತು, ಕಾಲಿಗೆ ಇಳಿಯಿತು. ಉಳಿದ ಕಾರ್ಬನ್ ಬಟ್ಟೆಯಲ್ಲಿ ಅವರಿಗೊಂದು ಚಮಚ ಮಾಡಿಕೊಟ್ಟೆ. ನಾನು ಮಾಡಿದ್ದರಲ್ಲೆಲ್ಲ ಹಗುರವಾದ ವಸ್ತು ಅದು. ಒಂದು ಮಳೆಗಾಲವೆಲ್ಲ ಅದರಲ್ಲೇ ಅನ್ನ ಸಾರು ಉಂಡರು. ಒಂದು ಮಧ್ಯಾಹ್ನ ಅದನ್ನು ತಟ್ಟೆಯಲ್ಲಿ ಬಿಟ್ಟು, ನಗಲು ನೋಡಿ, “ಇದೂ ಭಾರ ಆತವ್ವ” ಎಂದರು. ಅಂದಿನಿಂದ ನಾನೇ ಉಣಿಸಿದೆ. ಮಾತು ಹೋದ ಮೇಲೂ ಕೋಣೆಗೆ ಹೋಗಿ ಗೋದಾಮಿನ ಸುದ್ದಿ, ಪಂದ್ಯದ ಸುದ್ದಿ ಹೇಳುತ್ತಿದ್ದೆ. ಕಣ್ಣು ಮುಚ್ಚಿ ತೆರೆದರೆ ಇನ್ನೂ ಹೇಳು ಎಂದರ್ಥ.

ಅವರು ಹೋದದ್ದು ಬೆಳಿಗ್ಗೆ. ಗಿರಣಿ ನಿಲ್ಲಿಸಿದರು. ಮಾವನಿಗೆ ವಿಭೂತಿ ಹಚ್ಚಿ ಪಡಸಾಲೆಯಲ್ಲಿ ಕೂರಿಸಿದ್ದರು. ಮಧ್ಯಾಹ್ನ ಹುಡುಗಿಯ ತಾಯಿ ಬಂದಳು, ಒಬ್ಬಳೇ. ಮಾವನ ಕಾಲು ಮುಟ್ಟಿ ನಮಸ್ಕರಿಸಿ ನನ್ನ ಪಕ್ಕ ಕೂತಳು.

“ಮಗಳು ಬಂದಿಲ್ರಿ. ಇವತ್ತು ಬಳ್ಳಾರ್ಯಾಗ ಮ್ಯಾಚ್ ಐತಿ. ನಾ ಆಡಂಗಿಲ್ಲ, ಅಜ್ಜನ್ನ ನೋಡಬೇಕು ಅಂತ ಅಳಾಕ ಹತ್ತಿದ್ಲು. ಸ್ಟಿಕ್ ಕೈಯಾಗ ಕೊಟ್ಟು ನಾನೇ ಬಸ್ ಹತ್ತಿಸಿ ಬಂದೆ.”

ಅಷ್ಟು ಹೊತ್ತೂ ಅಳದೆ ಇದ್ದ ನಾನು ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಮಣ್ಣು ಮಾಡಿ ಎಲ್ಲರೂ ಸ್ನಾನ ಮುಗಿಸಿದ ಮೇಲೆ ಹುಡುಗಿ ಫೋನು ಮಾಡಿದಳು. ಸೋತಿದ್ದರು. ತಾನು ಒಂದು ಗೋಲು ಹೊಡೆದೆ ಎಂದಳು. ಫೋನು ಇಟ್ಟು ಎದ್ದೆ. ಸುದ್ದಿ ಹೇಳಲೆಂದು ಮಾವನ ಕೋಣೆಯ ಬಾಗಿಲು ದೂಡಿದ ಮೇಲೆಯೇ ಖಾಲಿ ಮಂಚ ಕಂಡದ್ದು.