ಕೌಂಟರ್ ಕೆಳಗಿಟ್ಟ ದಪ್ಪ ಲಕೋಟೆ

ನಾನು ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಮೈಸೂರಿಂದ ಅಮೆರಿಕಕ್ಕೆ ಬಂದು ವೆಸ್ಟ್ ಕೊವಿನಾದಲ್ಲಿ ಚಾಚಾ ಅಂಗಡಿ ಸೇರಿದೆ. ಜೆರಾಕ್ಸ್ ತೆಗೆಯುವುದು, ಜನ ನಮ್ಮ ಅಂಗಡಿಯಲ್ಲಿ ಬಾಡಿಗೆಗೆ ಹಿಡಿದ ಅಂಚೆಪೆಟ್ಟಿಗೆಗಳಿಗೆ ಟಪಾಲು ಹಾಕುವುದು ನನ್ನ ಕೆಲಸ.

ಪ್ರತಿ ಮಂಗಳವಾರ ಒಬ್ಬ ಕಪ್ಪು ಹೆಂಗಸು ತಮ್ಮ ಪೆಟ್ಟಿಗೆಯ ಟಪಾಲು ನೋಡಲು ಬರುತ್ತಿದ್ದರು. ವಯಸ್ಸು ಅರವತ್ತರ ಹತ್ತಿರ. ದೆವ್ವದ ಕತೆ, ಪದ್ಯ, ಲೇಖನ ಬರೆಯುತ್ತಿದ್ದರು. ಸಣ್ಣ ಪತ್ರಿಕೆಗಳಲ್ಲಿ ಬೇಕಾದಷ್ಟು ಅಚ್ಚಾಗಿದ್ದವು. ಪುಸ್ತಕ ಮಾತ್ರ ಒಂದೂ ಬಂದಿರಲಿಲ್ಲ. ಅದೊಂದೇ ಆಸೆ ಅವರಿಗೆ.

"ಲೋ, ನಿನ್ನ ದೆವ್ವದ ಆಂಟಿ ಬಂದ್ರು. ತಾಯಿತ ಕಟ್ಕೊ," ಎಂದು ಚಾಚಾ ಕೆಣಕುತ್ತಿದ್ದರು.

ಜೆರಾಕ್ಸ್ ಆಗುವಷ್ಟು ಹೊತ್ತು ಆಂಟಿ ಕತೆ ಹೇಳುತ್ತಿದ್ದರು. ನನ್ನ ಹರಕು ಇಂಗ್ಲಿಷಿಗೆ ತಕ್ಕಂತೆ ನಿಧಾನವಾಗಿ. ಒಂದು ಕತೆಯಲ್ಲಿ, ಅಂಗಡಿಗೆ ಹೋದ ಕಪ್ಪು ಹುಡುಗಿ ಕದಿಯುತ್ತಾಳೆಂದು ಗಾರ್ಡ್ ಅವಳ ಹಿಂದೆ ಬೀಳುತ್ತಾನೆ. ಮನೆಗೆ ಬಂದರೂ ಬಿಡುವುದಿಲ್ಲ. ಅವಳು ಸತ್ತು ಶವಪೆಟ್ಟಿಗೆಯಲ್ಲಿ ಮಲಗಿದರೂ ಪಕ್ಕದಲ್ಲೇ ನಿಂತಿರುತ್ತಾನೆ.

"ಇದ್ರಲ್ಲಿ ದೆವ್ವ ಎಲ್ಲಿದೆ ಆಂಟಿ? ನನ್ನ ಹಿಂದೇನೂ ಬರ್ತಾನೆ ಅವನು," ಎಂದೆ. 2003ರ ಮಾತು. ನನ್ನ ಮುಸ್ಲಿಂ ಹೆಸರು ಕೇಳಿದರೆ ಜನರ ಮುಖ ಬದಲಾಗುತ್ತಿದ್ದ ಕಾಲ. ಅವರು ಕೌಂಟರ್ ಹಿಡಿದುಕೊಂಡು ನಕ್ಕರು.

ಪತ್ರಿಕೆಗಳಿಗೆ ಕತೆ ಕಳಿಸುವಾಗ ಆಂಟಿ ತಮ್ಮದೇ ವಿಳಾಸ ಬರೆದು ಸ್ಟಾಂಪ್ ಹಚ್ಚಿದ ಲಕೋಟೆಯನ್ನೂ ಒಳಗಿಡುತ್ತಿದ್ದರು. ಬೇಡವಾದ ಕತೆ ಅದರಲ್ಲೇ ವಾಪಸ್ ಬರುತ್ತಿತ್ತು. "ದಪ್ಪ ಬಂದ್ರೆ ಬೇಡ ಅಂತ. ತೆಳ್ಳಗೆ ಒಂದೇ ಕಾಗ್ದ ಬಂದ್ರೆ ಬೇಕು ಅಂತ," ಎಂದು ಅವರೇ ಹೇಳಿಕೊಟ್ಟಿದ್ದರು. ನನಗೆ ಓದುವುದು ಕಷ್ಟ, ದಪ್ಪ ನೋಡುವುದು ಸುಲಭ. ದಪ್ಪ ಬಂದ ದಿನ ಅವರು ಕತೆ ಹೇಳುತ್ತಿರಲಿಲ್ಲ.

2006ರಲ್ಲಿ ಸ್ಯಾನ್ ಡಿಯಾಗೋದ ಸಣ್ಣ ಪ್ರಕಾಶಕರೊಬ್ಬರಿಂದ ತೆಳ್ಳಗಿನ ಕಾಗದ ಬಂತು. ಕತೆ, ಪದ್ಯ, ಲೇಖನ ಎಲ್ಲ ಸೇರಿಸಿ ಪುಸ್ತಕ ಮಾಡುತ್ತಾರಂತೆ. ಚಾಚಾ ಅಂಗಡಿಗೆಲ್ಲ ಮೈಸೂರುಪಾಕ್ ಹಂಚಿದರು.

ಆಮೇಲೆ ಆಂಟಿಗೆ ಕ್ಯಾನ್ಸರ್ ಅಂತ ಗೊತ್ತಾಯಿತು. ಆಸ್ಪತ್ರೆ ಸೇರಿದರು. ಮಂಗಳವಾರ ನಾನೇ ಟಪಾಲು ಒಯ್ಯುತ್ತಿದ್ದೆ. ಒಂದು ದಿನ ಸ್ಯಾನ್ ಡಿಯಾಗೋದಿಂದ ಇಟ್ಟಿಗೆಯಂಥ ಲಕೋಟೆ ಬಂತು. ಮನಸ್ಸು ಬದಲಾಯಿಸಿ ವಾಪಸ್ ಕಳಿಸಿದ್ದಾರೆ ಎಂದುಕೊಂಡೆ. ಈ ಸ್ಥಿತಿಯಲ್ಲಿ ಹೇಗೆ ಕೊಡಲಿ? ಕೌಂಟರ್ ಕೆಳಗೆ ಇಟ್ಟೆ.

"ಸ್ಯಾನ್ ಡಿಯಾಗೋದಿಂದ ಏನಾದ್ರೂ ಬಂತಾ?"

"ಇಲ್ಲ ಆಂಟಿ. ಫೋನ್ ಮಾಡಿ ಕೇಳ್ಲಾ?"

"ಬೇಡ. ನಾನು ಯಾರನ್ನೂ ಬೇಡ್ಕೊಳಲ್ಲ."

ಮುಂದಿನ ವಾರವೂ ಕೇಳಿದರು. ಅದರ ಮುಂದಿನ ವಾರ ಕೇಳಲೇ ಇಲ್ಲ. ಗೋಡೆ ಕಡೆ ತಿರುಗಿ ಮಲಗಿದ್ದರು.

ಶುಕ್ರವಾರ ಚಾಚಾ ಮಗಳು ಟೇಪ್ ಹುಡುಕುತ್ತಾ ಆ ಲಕೋಟೆ ಹೊರಗೆಳೆದಳು. ವಿಷಯ ಹೇಳಿದೆ. ಅವಳು ಒಡೆದೇಬಿಟ್ಟಳು.

"ಅಣ್ಣಾ, ದಿಸ್ ಈಸ್ ಹರ್ ಬುಕ್!"

"ವಾಪಸ್ ಕಳ್ಸಿದಾರೆ ಅಲ್ವಾ?"

"ನೋ! ಪ್ರಿಂಟ್ ಮಾಡೋಕೆ ಮುಂಚೆ ಶೀ ಹ್ಯಾಸ್ ಟು ಚೆಕ್ ಇಟ್. ವೈ ಡಿಡ್‌ನ್ಟ್ ಯು ಆಸ್ಕ್ ಮಿ?"

ಅಲ್ಲಿಂದಲೇ ಆಸ್ಪತ್ರೆಗೆ ಡ್ರೈವ್ ಮಾಡಿದೆ. ಪುಟಗಳನ್ನು ಹಾಸಿಗೆ ಮೇಲಿಟ್ಟು ನಡೆದದ್ದು ಹೇಳಿದೆ. ಅವರು ಮೊದಲ ಪುಟವನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಔಷಧಿಗೆ ಕಣ್ಣು ಮಂಜಾಗಿತ್ತು.

"ಬಂದ ದಿನ ತಂದಿದ್ರೆ ಓದ್ತಿದ್ದೆ. ಆಗ ಕಾಣ್ತಿತ್ತು," ಎಂದರು. "ನಂಗೆ ಬೇಜಾರಾಗುತ್ತೋ ಇಲ್ವೋ ಅಂತ ತೀರ್ಮಾನ ಮಾಡೋಕೆ ನೀನ್ಯಾರು?"

ಪುಟಗಳನ್ನು ನನ್ನ ಕಡೆ ತಳ್ಳಿದರು.

"ಓದು."

"ನಂಗೆ ಬರಲ್ಲ ಆಂಟಿ."

"ಗೊತ್ತು. ಓದು."

ಅಕ್ಷರ ಅಕ್ಷರ ಕೂಡಿಸಿ ಓದಿದೆ. "ನಿಲ್ಲು, ಆ ಸಾಲು ಹೊಡೆದ್ಹಾಕು," ಎನ್ನುತ್ತಿದ್ದರು. ಪೆನ್ನಿನಲ್ಲಿ ಹೊಡೆದುಹಾಕುತ್ತಿದ್ದೆ. ಒಂದು ಮಧ್ಯಾಹ್ನಕ್ಕೆ ಎರಡೇ ಪುಟ. ಮಾರನೇ ದಿನ ಚಾಚಾ ಮಗಳನ್ನು ಕರೆತಂದೆ. ಅವಳು ಸರಸರ ಓದಿದಳು, ಆದರೆ ಆಂಟಿಗೆ ಆ ಓಟ ಹಿಡಿಯಲಾಗಲಿಲ್ಲ. ಮತ್ತೆ ನಾನೇ ಓದಿದೆ. ಹನ್ನೊಂದನೇ ಪುಟದ ಮಧ್ಯದಲ್ಲಿ ಆಂಟಿ "ನಿಲ್ಲು" ಎನ್ನುವುದನ್ನೂ ನಿಲ್ಲಿಸಿದರು. ಎರಡು ದಿನ ಬಿಟ್ಟು ತೀರಿಹೋದರು.

ಪುಟಗಳನ್ನು ತೆಗೆದುಕೊಂಡು ನಾನೇ ಸ್ಯಾನ್ ಡಿಯಾಗೋಗೆ ಹೋದೆ. ಪ್ರಕಾಶನದ ಹೆಂಗಸು ನನ್ನ ಗೀಟುಗಳನ್ನು ನೋಡುತ್ತಾ ಹೋಗಿ ಹನ್ನೊಂದನೇ ಪುಟದಲ್ಲಿ ನಿಂತರು.

"ಮಿಕ್ಕಿದ್ದೆಲ್ಲ ಸರಿ ಇದೆ ಅಂದ್ರಾ ಅವರು?"

ಗೊತ್ತಿಲ್ಲ ಎಂದೆ. ಆಕೆ ಮಿಕ್ಕ ಪುಟಗಳನ್ನು ಮಗುಚಿ, ಸರಿ ಇದೆ ಎಂದೇ ಬರೆದುಕೊಂಡರು.