ಕಾಪುವಿನ ಬಂಡೆಯ ಮೇಲೆ ಕೆಂಬೇರಿ

ಯುಗಾದಿ ಮುಗಿಸಿಕೊಂಡು ಹೆಂಡತಿ ಜಯಮ್ಮನೊಂದಿಗೆ ಕಾಪು ಕಡಲತೀರಕ್ಕೆ ಬಂದಿದ್ದೆ. ಚನ್ನಪಟ್ಟಣದ ನಮ್ಮ ಕಣ್ವ ಜಲಾಶಯದಲ್ಲಿ ಗಾಳ ಹಾಕಿ ಪಳಗಿದ ಕೈ ನನ್ನದು. ಆದರೂ ಬೆಳಗಿನಿಂದ ಈ ಸಮುದ್ರ ಒಂದು ಮೀನನ್ನೂ ಕೊಟ್ಟಿರಲಿಲ್ಲ. ನೀರು ಕುಡಿಯಲೆಂದು ಗಾಳದ ಹಗುರ ಕೋಲನ್ನು ಅವಳ ಕೈಗಿತ್ತೆ.

"ರೀ, ಏನೋ ಎಳೀತಾ ಐತೆ!"

ಕೋಲಿನ ತುದಿ ನೀರು ಮುಟ್ಟುವಷ್ಟು ಬಾಗಿತ್ತು.

"ಇಲ್ಲಿ ಕೊಡು. ದಾರ ತೆಳು, ಕಿತ್ಕೊಂಡ್ ಹೋಯ್ತದೆ" ಎಂದೆ.

"ಕೊಡಾಕಿಲ್ಲ, ಸುಮ್ಕಿರಿ."

ದಾರ ಹರಿದೇ ಹೋಗಲಿ ಎಂದು ನಿಜವಾಗಿಯೂ ಬಯಸಿದೆ. ಹರಿಯಲಿಲ್ಲ. ಮೊಳದುದ್ದದ ಕೆಂಬೇರಿ ಮೀನು ಬಂಡೆಯ ಮೇಲೆ ಬಿದ್ದು ಒದ್ದಾಡಿತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನನಗೆ ಹೊಟ್ಟೆ ಉರಿಯಿತು. ಕೋಲಿಗೆ ಕೈ ಚಾಚಿದೆ.

"ಒಸಿ ತಡೀರಿ, ಇನ್ನೊಂದ್ ಕಿತ ಎಸೀತೀನಿ. ಗಾಳಕ್ಕೆ ಸಿಗಡಿ ಸುಲ್ಕೊಡಿ" ಎಂದಳು, ಕಡಲಿನಿಂದ ಕಣ್ಣು ಕೀಳದೆ.

ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಸಿಗಡಿ ಸುಲಿಯತೊಡಗಿದೆ.